ಅವರವರ ಮೂಗಿನ ನೇರಕ್ಕೆ

ಯಶವಂತಪುರದ ಕಡೆಯಿಂದ ಗಾಳಿ ತಿರುಗಿದರೆ ರಾಜಾಜಿನಗರದ ಮನೆಗಳಲ್ಲಿ ಒಣಹಾಕಿದ ಬಟ್ಟೆಗೂ ಗಂಧ ಹಿಡಿಯುತ್ತಿತ್ತು ಎಂದರೆ ಈಗಿನವರು ನಗುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲೊಂದು ವಠಾರದಲ್ಲಿ ಬೆಳೆದು, ಈಗ ಈ ಸಾಲುಗಳನ್ನು ಬರೆಯುತ್ತಿರುವಾಕೆಗೆ ಅದರಲ್ಲಿ ಉತ್ಪ್ರೇಕ್ಷೆಯೇನೂ ಕಾಣುವುದಿಲ್ಲ. ತಮಾಷೆಯೆಂದರೆ ಆ ಬೀದಿಯವರಿಗೇ ಅದರ ಖಬರಿರಲಿಲ್ಲ. ಹಾಸನದ ಕಡೆಯಿಂದ ಸೋದರತ್ತೆ ಬಂದು ಆಟೋ ಇಳಿದ ಕೂಡಲೇ ಮೂಗೆತ್ತಿ, "ಏನೇ ಇದು, ಮದುವೆಮನೆ ಇದ್ದಂಗಿದೆಯಲ್ಲೇ ನಿಮ್ಮ ಬೀದಿ!" ಅನ್ನುತ್ತಿದ್ದರು. ಅಮ್ಮ ಒಮ್ಮೆ ಉಸಿರೆಳೆದು ನೋಡಿ, "ನಮಗೇನೂ ಬರ್ತಿಲ್ವಲ್ಲ ಅತ್ತಿಗೆ" ಎಂದು ಒಳಗೆ ಹೋಗಿ ಕಾಫಿಗಿಡುತ್ತಿದ್ದರು.

ಆ ಗಂಧದ ಮೂಲ ಸರ್ಕಾರಿ ಸಾಬೂನು ಕಾರ್ಖಾನೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಕೊರಡುಗಳು ಹಡಗು ಹತ್ತಿ ಯುರೋಪಿಗೆ, ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧ ಶುರುವಾಗಿ ಹಡಗಿನ ದಾರಿ ಕಟ್ಟಿದಾಗ ಮರವೆಲ್ಲ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಸೋಣವೆಂದು ಹೊರಟದ್ದು ಆಗಲೇ, 1916ರ ಸುಮಾರಿಗೆ. ಸಾಬೂನು ಮಾಡುವ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ವಾಪಸು ಬಂದ ಮೇಲೆ ಜನರ ಬಾಯಲ್ಲಿ ಅವರು 'ಸೋಪ್ ಶಾಸ್ತ್ರಿ' ಆದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಅಂಗಡಿಗೆ ಬಂತು. ಕಬ್ಬನ್ ಪಾರ್ಕಿನ ಹತ್ತಿರವಿದ್ದ ಕಾರ್ಖಾನೆ 1957ರಲ್ಲಿ ಈಗಿನ ಜಾಗಕ್ಕೆ ಬಂದದ್ದೇ ತಡ, ಸುತ್ತಲಿನ ಬೀದಿಗಳಿಗೆ ಪುಕ್ಕಟೆ ಪರಿಮಳ. 2014ರ ಮಾರ್ಚಿನಲ್ಲಿ ಮೆಟ್ರೊ ಬಂದಾಗ ಅಲ್ಲಿನ ನಿಲ್ದಾಣಕ್ಕೂ ಅದೇ ಹೆಸರಿಟ್ಟರು. ಅದೇ ಮಾರ್ಗದಲ್ಲಿ ಸಂಪಿಗೆ ರಸ್ತೆ ಎಂಬ ನಿಲ್ದಾಣವೂ ಇದೆ. ಅಲ್ಲಿ ಸಂಪಿಗೆಯ ಮರವನ್ನು ಹುಡುಕಿಕೊಂಡು ಹೋಗಬೇಕು. ಸೋಪಿನ ನಿಲ್ದಾಣದಲ್ಲಾದರೋ ಇಳಿದವರನ್ನು ಗಂಧವೇ ಹುಡುಕಿಕೊಂಡು ಬರುತ್ತದೆ.

ವಠಾರದ ಕೊನೆಯ ಮನೆಯವರು ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬಂದರೆ ಅಂಗಿಯ ಮಡಿಕೆಯಲ್ಲೆಲ್ಲ ಗಂಧ. ಮಕ್ಕಳು ಬೇಕೆಂದೇ ಅವರ ಸೈಕಲ್ಲಿನ ಹಿಂದೆ ಓಡುತ್ತಿದ್ದವು. ಆದರೆ ಅವರ ಬಚ್ಚಲಿನ ಗೂಡಿನಲ್ಲಿದ್ದದ್ದು ಸೀಗೆಪುಡಿ ಮತ್ತು ಕಡಲೆಹಿಟ್ಟಿನ ಡಬ್ಬಿ. "ದಿನವಿಡೀ ಅದರೊಳಗೇ ಮುಳುಗಿರ್ತೀನಮ್ಮ, ಮನೇಲಾದ್ರೂ ಮೂಗಿಗೆ ರಜ ಬೇಡ್ವಾ?" ಎಂದು ಅಮ್ಮನ ಹತ್ತಿರ ನಗಾಡುತ್ತಿದ್ದರು. ಊರಿಗೆಲ್ಲ ಸುಗಂಧವಾದದ್ದು ಅವರಿಗೆ ಬರೀ ಡ್ಯೂಟಿ.

ಮೂಗಿಗೆ ಹೊಸದು ಬೇಕು. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅದರ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದನ್ನು ಅದು ಕಡಿಮೆ ಮಾಡುತ್ತದೆ. ಮಿದುಳೂ ಕೇಳಿಸಿಕೊಳ್ಳುವುದನ್ನು ಬಿಡುತ್ತದೆ. ಇಂಥ ಒಗ್ಗಿಕೊಳ್ಳುವಿಕೆ ಇಲ್ಲದಿದ್ದರೆ ಪಟ್ಟಣದಲ್ಲಿ ಬದುಕುವುದೇ ಕಷ್ಟವಾಗುತ್ತಿತ್ತು. ಆದರೆ ಮೂಗು ಸುಮ್ಮನಾಗುವುದು ಪ್ರಾಣಕ್ಕೂ ಎರವಾಗುವುದುಂಟು. ಚರಂಡಿಯ ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಮೂಗು ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ. ಅದೇ ಅನಿಲ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ನೂರು ಪಾಲಿನಷ್ಟು ಏರಿತೆಂದರೆ ಘ್ರಾಣಶಕ್ತಿಯೇ ಮರಗಟ್ಟುತ್ತದೆ, ನಾತ ಮಾಯವಾಗುತ್ತದೆ. ಮ್ಯಾನ್‌ಹೋಲಿಗೆ ಇಳಿದವನಿಗೆ ವಾಸನೆ ಹೋಯಿತು ಅನ್ನಿಸಿದ ಗಳಿಗೆಯೇ ಅಪಾಯದ ಗಳಿಗೆ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಲಾಯಿತು. 2013ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆಮೇಲೂ ಗುಂಡಿಗಿಳಿದು ಸತ್ತವರ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಬರುತ್ತಲೇ ಇದೆ.

ಆಕೆಯ ಬಾಲ್ಯದ ಎರಡನೆಯ ವಾಸನೆ ಮೈಸೂರು ರಸ್ತೆಯದು. ದೊಡ್ಡಮ್ಮನ ಮನೆ ಬ್ಯಾಟರಾಯನಪುರದಲ್ಲಿತ್ತು. ಮೆಜೆಸ್ಟಿಕ್ಕಿನಲ್ಲಿ ಬಿಟಿಎಸ್ ಬಸ್ಸು ಹತ್ತಿದರೆ ಒಂದು ಹಂತದಲ್ಲಿ ಯಾರೂ ಹೇಳದೆ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು, ಸೆರಗುಗಳು ಮೂಗಿಗೆ ಹೋಗುತ್ತಿದ್ದವು. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ, ಅದಕ್ಕೇ ವೃಷಭಾವತಿ ಎಂಬ ಹೆಸರು ಹೊತ್ತ ನದಿ ರಸ್ತೆಯ ಪಕ್ಕದಲ್ಲೇ ಕಪ್ಪಗೆ ಹರಿಯುತ್ತಿತ್ತು. ಗಾಳಿ ಆಂಜನೇಯನ ಗುಡಿಯ ಹಿಂದೆಯೂ ಅದೇ ನೀರು. ಊರಿನ ಪಶ್ಚಿಮ ಭಾಗದ ಕಕ್ಕಸು, ಬಚ್ಚಲು, ಕಾರ್ಖಾನೆಗಳ ನೀರೆಲ್ಲ ಅದಕ್ಕೆ ಬಿದ್ದು ಮುಂದೆ ಬೈರಮಂಗಲದ ಕೆರೆಗೆ ಸೇರುತ್ತದೆ. ಬೆಂಗಳೂರಿನವರು ಅದನ್ನು ನದಿಯೆಂದು ಕರೆಯುವುದನ್ನು ಎಂದೋ ಬಿಟ್ಟರು. 'ಕೆಂಗೇರಿ ಮೋರಿ' ಎಂದು ತಮಾಷೆಯ ಮಾತಾಗಿಸಿ, ಬೈಯಲು ಬಳಸಿಕೊಂಡು, ಕೈತೊಳೆದುಕೊಂಡರು.

ದೊಡ್ಡಮ್ಮನ ಮನೆಯಲ್ಲಿ ನೆಂಟರು ಬಂದರೆ ಮೊದಲು ಹಿಂದಿನ ಕಿಟಕಿ ಹಾಕುವುದು, ಆಮೇಲೆ ಊದುಬತ್ತಿ ಹಚ್ಚುವುದು, ಆಮೇಲೆ "ಹೇಗಿದ್ದೀರಿ?" ಎಂದು ಕೇಳುವುದು. ಅದು ಉಪಚಾರದ ಕ್ರಮ. ನೆಂಟರಲ್ಲೊಬ್ಬರು ಮೂಗು ಸಿಂಡರಿಸಿ, ಇಲ್ಲಿ ಹೇಗಾದರೂ ಇದ್ದೀರೋ ಎಂದಾಗ ದೊಡ್ಡಮ್ಮ ಕೊಟ್ಟ ಉತ್ತರ ಆ ಹುಡುಗಿಗೆ ಮರೆತಿಲ್ಲ. "ನೀರು ನಮ್ಮದಲ್ಲ ಕಣ್ರೀ, ನಿಮ್ಮ ಕಡೆಯಿಂದ ಬಂದಿದ್ದು. ನಾವು ಬರೀ ಕಾವಲಿದ್ದೀವಿ."

1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಹೀಗೇ ನಾರಿತ್ತು. ದಂಡೆಯ ಮೇಲೇ ಇದ್ದ ಸಂಸತ್ ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರು ಕೂರಲಾಗದೆ ಎದ್ದರು. ವರ್ಷಗಟ್ಟಲೆ ಜಗ್ಗದಿದ್ದ ಒಳಚರಂಡಿಯ ಮಸೂದೆ ಕೆಲವೇ ವಾರಗಳಲ್ಲಿ ಪಾಸಾಯಿತು, ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರಿಗೆ ಕೆಲಸ ಸಿಕ್ಕಿತು, ಲಂಡನ್ ಇಂದಿಗೂ ಆ ಕಾಲುವೆಗಳನ್ನು ಬಳಸುತ್ತಿದೆ. ವೃಷಭಾವತಿ ವಿಧಾನಸೌಧದ ಪಕ್ಕದಲ್ಲಿ ಹರಿಯುವುದಿಲ್ಲ. ಅದರ ಗ್ರಹಚಾರ!

ಇನ್ನು ದೊಡ್ಡಮ್ಮನ ಮನೆಯ ಹಿಂದಿನ ಓಣಿ. ನೆಂಟರ ಮುಂದೆ ಹಚ್ಚುತ್ತಿದ್ದ ಊದುಬತ್ತಿ ಹುಟ್ಟುತ್ತಿದ್ದದ್ದು ಅಲ್ಲೇ. ಮನೆ ಬಾಗಿಲಲ್ಲಿ ಕಾಲು ಚಾಚಿ ಕೂತ ಹೆಂಗಸರು ತೊಡೆಯ ಮೇಲೆ ಸಣ್ಣ ಹಲಗೆ ಇಟ್ಟುಕೊಂಡು, ಇದ್ದಿಲಪುಡಿ, ಮರದ ಪುಡಿ, ಜಿಗಟು ಕಲಸಿದ ಕರಿಯ ಹಿಟ್ಟನ್ನು ಬಿದಿರುಕಡ್ಡಿಗೆ ಅಂಟಿಸಿ ಅಂಗೈಯಲ್ಲಿ ಒಂದು ಸಲ ಮುಂದಕ್ಕೆ ಉರುಳಿಸಿದರೆ ಬತ್ತಿ ಸಿದ್ಧ. ಕಣ್ಣು ಹೊಸೆಯುವ ಕೈಯ ಮೇಲೆ ಇರುತ್ತಿರಲಿಲ್ಲ. ಬೀದಿಯಲ್ಲಿ ಆಡುವ ಮಕ್ಕಳ ಮೇಲೋ, ಒಲೆಯ ಮೇಲಿನ ಅನ್ನದ ಮೇಲೋ ಇರುತ್ತಿತ್ತು. ಸಾವಿರ ಬತ್ತಿಗೆ ಇಷ್ಟು ಎಂದು ಕೂಲಿ. ಕೈಗೆರೆಗಳಲ್ಲಿ ಇದ್ದಿಲು ಕೂತು, ಹಬ್ಬಕ್ಕೆ ಮೆಹಂದಿ ಹಾಕಿಸಿಕೊಂಡರೂ ಬಣ್ಣ ಕಾಣುತ್ತಿರಲಿಲ್ಲ. ಆ ಓಣಿಯಲ್ಲಿ ಮೂಗಿಗೆ ಬರುತ್ತಿದ್ದದ್ದು ಒದ್ದೆ ಇದ್ದಿಲಿನ ವಾಸನೆ, ಒಣಗುವ ಅಂಟಿನ ವಾಸನೆ, ಅಷ್ಟೇ. ಪರಿಮಳವನ್ನು ಬತ್ತಿಗೆ ಆಮೇಲೆ, ಕಾರ್ಖಾನೆಯಲ್ಲಿ, ಸುಗಂಧದ ಎಣ್ಣೆಯಲ್ಲಿ ಅದ್ದಿ ಸೇರಿಸುತ್ತಾರೆ. ಹೊಸೆದವಳ ಮನೆಗೆ ಅದು ಬರಬೇಕಾದರೆ ಅಂಗಡಿಯಿಂದ ದುಡ್ಡು ಕೊಟ್ಟೇ ಬರಬೇಕು. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತೆಂಬ ಸುದ್ದಿ ಓದಿದಾಗ ಆಕೆಗೆ ಮೊದಲು ನೆನಪಾದದ್ದು ಆ ಕರಿಯ ಅಂಗೈಗಳು.

ಕಾಲೇಜಿನ ದಿನಗಳಲ್ಲಿ ಬಸ್ಸು ಬದಲಿಸುವ ಜಾಗ ಕೆ. ಆರ್. ಮಾರ್ಕೆಟ್. 1928ರ ಕಲ್ಲಿನ ಕಟ್ಟಡದ ಒಳಗೆ ಬೆಳಗಿನ ಜಾವವೇ ಹೂವಿನ ಮೂಟೆಗಳು ಬಿಚ್ಚಿಕೊಂಡಿರುತ್ತವೆ. ಮಲ್ಲಿಗೆ, ಕಾಕಡ, ಸುಗಂಧರಾಜ, ಕೆಂಡಸಂಪಿಗೆ, ನಡುವೆ ಮರುಗ, ದವನ, ಪಚ್ಚೆತೆನೆಯ ಕಟ್ಟುಗಳು. ಮೇಲಿನ ಮಹಡಿಯಿಂದ ಬಗ್ಗಿ ನೋಡಿ ಫೋಟೊ ತೆಗೆಯುವವರಿಗೆ ಅದು ಬಣ್ಣದ ಸಂತೆ. ಕೆಳಗೆ ನಿಂತವರಿಗೆ ಕಾಲಡಿಯಲ್ಲಿ ನಿನ್ನೆಯ ಹೂವು, ಮೊನ್ನೆಯ ಹೂವು, ತುಳಿದು ಕೆಸರಾದ ಸೇವಂತಿಗೆ. ತಾಜಾ ಹೂವು ಎಲ್ಲಿ ಮುಗಿಯಿತು, ಕೊಳೆತದ್ದು ಎಲ್ಲಿ ಶುರುವಾಯಿತು ಎಂದು ಮೂಗಿಗೆ ಗೆರೆ ಎಳೆಯಲಾಗುವುದಿಲ್ಲ. ಇದಕ್ಕೆ ರಸಾಯನಶಾಸ್ತ್ರದ ಸಾಕ್ಷಿಯೂ ಇದೆ. ಮಲ್ಲಿಗೆಯ ಗಾಢ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತುವಿದೆ. ಅದೇ ಇಂಡೋಲ್ ಮಲದಲ್ಲೂ ಇದೆ. ಕೊಂಚವೇ ಇದ್ದರೆ ಹೂವು ಹೂವೆನಿಸುತ್ತದೆ, ಜಾಸ್ತಿಯಾಗಿ ಬೇರೆ ನಂಟರ ಜೊತೆ ಬಂದರೆ ಮೂಗು ಮುಚ್ಚಿಸುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಧರ್ಮರಾಯನ ಗುಡಿಯಿಂದ ಹೊರಟಾಗ ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಮಲ್ಲಿಗೆಯ ಮಳೆ ಸುರಿಯುತ್ತದಲ್ಲ, ಆಗ ಅಲ್ಲಿನ ತೆರೆದ ಮೋರಿಗಳೂ ಇದ್ದಲ್ಲೇ ಇರುತ್ತವೆ. ಅವುಗಳ ಬಗ್ಗೆ ಆ ರಾತ್ರಿ ಯಾರೂ ದೂರುವುದಿಲ್ಲ.

ಕೆಲವು ವಾಸನೆಗಳು ಊರು ಬಿಟ್ಟೇ ಹೋದವು. ಈಗಿನ ಯುಬಿ ಸಿಟಿ ನಿಂತ ಜಾಗದಲ್ಲಿ ಬಿಯರ್ ಕಾರ್ಖಾನೆಯಿದ್ದಾಗ ಬೇಯಿಸಿದ ಧಾನ್ಯದ ಹುಳಿ ಘಾಟು ಸುತ್ತಲಿನ ರಸ್ತೆಗಳಲ್ಲಿ ಹರಡಿಕೊಂಡಿರುತ್ತಿತ್ತು. ಈಗ ಅಲ್ಲಿ ಎಸಿ ಹಾಕಿದ ಅಂಗಡಿಗಳ ಬಾಟಲಿ ಸೆಂಟು.

ಕೆಲಸ ಸಿಕ್ಕಿದ ಮೇಲೆ ಆಕೆ ಕುಂದಾಪುರದ ಗೆಳತಿಯೊಬ್ಬಳ ಜೊತೆ ಜಯನಗರದಲ್ಲಿ ಮನೆ ಹಿಡಿದಳು. ಗೇಟಿಗೆ ತೂಗುಹಾಕಿದ್ದ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡನ್ನು ಇಬ್ಬರೂ ಓದಿಯೇ ಬಂದಿದ್ದರು. ಆ ಬಾಡಿಗೆಗೆ ಬೇರೆ ಮನೆ ಇರಲಿಲ್ಲ. ಮಳೆಗಾಲ ಹಿಡಿದ ಮೇಲೆ ಗೆಳತಿಗೆ ತಡೆಯಲಾಗಲಿಲ್ಲ. ಊರಿಂದ ತಂದ ಒಣಸೀಗಡಿಯನ್ನು ಹುರಿದು, ಕಾಯಿ, ಹುಣಸೆ, ಮೆಣಸಿನ ಜೊತೆ ಅರೆದು ಚಟ್ನಿ ಮಾಡಿದಳು. ಅದಕ್ಕೆ ಮುಂಚಿನ ಸಿದ್ಧತೆಯೇ ಒಂದು ಕಥೆ. ಕಿಟಕಿಗಳ ಸಂದಿಗೆ ಟವೆಲ್ಲು, ಬಾಗಿಲ ಬುಡಕ್ಕೆ ಗೋಣಿಚೀಲ, ದೇವರಿಲ್ಲದ ಗೂಡಿನಲ್ಲಿ ಅರ್ಧ ಕಟ್ಟು ಊದುಬತ್ತಿ. ಮೈಸೂರು ರಸ್ತೆಯ ಆ ಓಣಿಯ ಹೆಂಗಸರು ಹೊಸೆದದ್ದು ಹೀಗೂ ಉಪಯೋಗಕ್ಕೆ ಬಂತು. ಆದರೂ ಮನೆಯೊಡೆಯರು ಮೆಟ್ಟಿಲಿಳಿದು ಬಂದರು. "ಏನಮ್ಮಾ, ಇಲಿ ಸತ್ತಿದೆಯಾ?" ಎಂದರು. ಇಲಿ ಸತ್ತದ್ದಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳ ಕೊನೆಗೆ ಮನೆ ಖಾಲಿ ಮಾಡುವಂತಾಯಿತು.

ಅನ್ನದ ಜೊತೆ ಆ ಚಟ್ನಿ ಕಲಸಿದಾಗ ಗೆಳತಿಯ ಮುಖದಲ್ಲಿ ಬಂದ ಕಳೆ, ಮೆಟ್ಟಿಲ ಮೇಲೆ ನಿಂತವರ ಮುಖದಲ್ಲಿ ಬಂದ ಕಳೆ, ಎರಡಕ್ಕೂ ಕಾರಣ ಒಂದೇ ಬಾಣಲೆ. ಮನುಷ್ಯರ ಮೂಗಿನಲ್ಲಿ ಸುಮಾರು ನಾನೂರು ಬಗೆಯ ವಾಸನಾಗ್ರಾಹಿಗಳಿವೆ. ಈ ಗ್ರಾಹಿಗಳ ದೊಡ್ಡ ವಂಶವನ್ನು ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಗ್ರಾಹಿಗಳು ಕೊಡುವುದು ಸುದ್ದಿ ಮಾತ್ರ, ತೀರ್ಪು ಬರುವುದು ಒಳಗಿನಿಂದ. ಅಮೆರಿಕದ ರೇಚಲ್ ಹರ್ಜ್ ಮತ್ತು ಜೂಲಿಯಾ ಫಾನ್ ಕ್ಲೆಫ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ತೋರಿಸಿತು. ಐಸೊವೆಲೆರಿಕ್ ಮತ್ತು ಬ್ಯುಟಿರಿಕ್ ಆಮ್ಲಗಳ ಮಿಶ್ರಣವನ್ನು ಮೂಸಲು ಕೊಟ್ಟು ಒಮ್ಮೆ ಪಾರ್ಮೆಸಾನ್ ಚೀಸ್ ಎಂದರು, ಇನ್ನೊಮ್ಮೆ ವಾಂತಿ ಎಂದರು. ಚೀಸ್ ಎಂದಾಗ ಹಿಡಿಸಿದ್ದು ವಾಂತಿ ಎಂದಾಗ ಅಸಹ್ಯವಾಯಿತು.

2022ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕಾಡಿನವರು, ರೈತರು, ಪಟ್ಟಣದವರು ಎಂದು ಜಗತ್ತಿನ ಒಂಬತ್ತು ಸಮುದಾಯಗಳಿಗೆ ಒಂದೇ ವಾಸನೆಗಳನ್ನು ಮೂಸಲು ಕೊಟ್ಟರು. ಒಟ್ಟಾರೆ ಲೆಕ್ಕದಲ್ಲಿ ವೆನಿಲ್ಲಾ ಗೆದ್ದಿತು, ಬೆವೆತ ಕಾಲುಚೀಲದ ನಾತದ ಐಸೊವೆಲೆರಿಕ್ ಆಮ್ಲ ಸೋತಿತು. ಮೆಚ್ಚುಗೆಯ ವ್ಯತ್ಯಾಸದಲ್ಲಿ ಸಂಸ್ಕೃತಿಯ ಪಾಲು ಬರೀ ಶೇಕಡಾ 6, ಅಣುವಿನ ಪಾಲು 41, ಉಳಿದದ್ದು ಅವರವರ ಸ್ವಂತ ಇಷ್ಟಾನಿಷ್ಟ ಎಂದು ಲೆಕ್ಕ ಬಂತು. ಲೆಕ್ಕ ಸರಿಯಿರಬಹುದು. ಆದರೆ ಪ್ರಯೋಗದಲ್ಲಿ ವಾಸನೆ ಯಾರ ಮನೆಯಿಂದಲೂ ಬರುವುದಿಲ್ಲ. ಅದಕ್ಕೆ ಊರಿಲ್ಲ, ಜಾತಿಯಿಲ್ಲ, ಬಾಡಿಗೆ ಕರಾರಿಲ್ಲ. ಜಯನಗರದ ಆ ಮೆಟ್ಟಿಲ ಮೇಲೆ ಇವೆಲ್ಲ ಸಾಲಾಗಿ ನಿಂತಿದ್ದವು. ಅದೇ ಮನೆಯೊಡೆಯರ ಮಗನ ಫ್ರಿಜ್ಜಿನಲ್ಲಿ ವಿದೇಶದಿಂದ ತಂದ ಚೀಸು ಘಮ್ಮೆನ್ನುತ್ತಿದ್ದುದನ್ನು ಗೆಳತಿ ಇಂದಿಗೂ ಫೋನಿನಲ್ಲಿ ನೆನೆಸಿಕೊಂಡು ನಗುತ್ತಾಳೆ.

ನಗರ ತನ್ನ ನಾತವನ್ನು ಕಳಿಸುವ ವಿಳಾಸಗಳನ್ನೂ ಹೀಗೇ ಆರಿಸಿಕೊಳ್ಳುತ್ತದೆ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯಿತು. ಅಲ್ಲಿನವರು ಗಲಾಟೆ ಮಾಡಿ 2012ರಲ್ಲಿ ಆ ಕಸದ ಗುಂಡಿ ಮುಚ್ಚಿದಾಗ ಪಟ್ಟಣದ ಬೀದಿಗಳಲ್ಲೇ ಗುಡ್ಡೆ ಬಿದ್ದು ಊರಿಗೆಲ್ಲ ಎಚ್ಚರವಾಯಿತು. ಮಂಡೂರಿನವರು ಲಾರಿಗಳಿಗೆ ಅಡ್ಡ ಕೂತು 2014ರ ಕೊನೆಗೆ ತಮ್ಮೂರಿಗೂ ಬಿಡುಗಡೆ ಪಡೆದರು. ಕಸ ಮತ್ತೊಂದು ಹಳ್ಳಿಯ ದಾರಿ ಹಿಡಿಯಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, 2015ರಲ್ಲೂ 2017ರಲ್ಲೂ 2018ರಲ್ಲೂ ಬೆಂಕಿ ಕಾಣಿಸಿಕೊಂಡಾಗ ಮಾತ್ರ ಕ್ಯಾಮೆರಾಗಳು ಸಾಲುಗಟ್ಟಿದವು. ಆ ಕೆರೆಯ ಸುತ್ತ ದುಬಾರಿ ಅಪಾರ್ಟ್‌ಮೆಂಟುಗಳಿವೆ, ಅದರ ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ದೊಡ್ಡಮ್ಮನ ಓಣಿಯ ಹೆಂಗಸರಿಗೆ ಹಸಿರು ನ್ಯಾಯಮಂಡಳಿ ಎಂಬುದೊಂದಿದೆ ಎಂದೂ ಗೊತ್ತಿರಲಿಲ್ಲ.

2021ರ ಎರಡನೆಯ ಅಲೆಯಲ್ಲಿ ಆಕೆಗೂ ಕೊರೊನಾ ಬಂತು. ಜ್ವರ ಬಿಟ್ಟ ಮೇಲೆ ಒಗ್ಗರಣೆ ಸೀದು ಹೊಗೆ ಕಣ್ಣಿಗೆ ಹತ್ತುವವರೆಗೂ ತಿಳಿಯಲಿಲ್ಲ. ಮೂಗು ಪೂರಾ ಖಾಲಿ. ಅಡಿಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟಾನ್ ಸೇರಿಸಿ ನಾತ ಬರಿಸುತ್ತಾರೆ. ಆಕೆಗೆ ಅದೂ ಕೆಲಸಕ್ಕೆ ಬಾರದಾಗಿ ರೆಗ್ಯುಲೇಟರನ್ನು ದಿನಕ್ಕೆ ಹತ್ತು ಸಲ ತಿರುವಿ ನೋಡುವ ಚಟ ಅಂಟಿತು. ಜರ್ಮನಿಯ ಥಾಮಸ್ ಹುಮ್ಮೆಲ್ ಎಂಬ ವೈದ್ಯರು 2009ರಲ್ಲಿ ಪ್ರಕಟಿಸಿದ ಮೂಗಿನ ವ್ಯಾಯಾಮವನ್ನು ಡಾಕ್ಟರು ಹೇಳಿಕೊಟ್ಟರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಮೂಸುವುದು. ನಾಲ್ಕೂ ಮನೆಯಲ್ಲೇ ಇದ್ದವು. ವಾಸನೆ ನಿಧಾನವಾಗಿ ವಾಪಸಾಯಿತು, ಆದರೆ ವೇಷ ಬದಲಿಸಿಕೊಂಡು ಬಂತು.

ಗಾಂಧಿ ಬಜಾರಿನಲ್ಲಿ ಕಾಫಿಪುಡಿ ಬೀಸುವ ಅಂಗಡಿಯ ಮುಂದೆ ಜನ ಸುಮ್ಮನೆ ನಿಧಾನಿಸುತ್ತಾರೆ. ಆಕೆ ಅಲ್ಲಿ ನಿಂತಾಗ ಮೂಗಿಗೆ ಹೊಡೆದದ್ದು ಸುಟ್ಟ ಟೈರು. ಚಿಕೋರಿ ಹಾಕದ್ದನ್ನು ಕೇಳಿದರೂ ಅದೇ, ಪ್ಲಾಂಟೇಶನ್ ಎ ಎಂದರೂ ಅದೇ. ವಾಕರಿಕೆ ಬಂದು ಅಂಗಡಿಯವರ ಎದುರೇ ಬಾಯಿಗೆ ಕರ್ಚೀಫು ಹಿಡಿದಾಗ ಅವರು, "ನಿಮಗೂ ಬಂದಿತ್ತಾ ಮೇಡಂ? ದಿನಾ ಯಾರಾದ್ರೊಬ್ರು ಹೀಗೇ ಓಡ್ತಾರೆ" ಎಂದು ಸ್ಟೂಲು ಕೊಟ್ಟರು. ಹುರಿದ ಕಾಫಿಯ ಘಮಕ್ಕೆ ಕಾರಣವಾದ ಗಂಧಕಯುಕ್ತ ಅಣುವೊಂದೇ ಇಂಥವರಿಗೆ ಅತಿ ಅಸಹ್ಯವಾಗಿ ಕಾಡುತ್ತದೆಂದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಜೇನ್ ಪಾರ್ಕರ್ ಮತ್ತು ಸಂಗಡಿಗರು ಮರುವರ್ಷ ತೋರಿಸಿದರು. ವಿಚಿತ್ರವೆಂದರೆ ಆ ತಿಂಗಳುಗಳಲ್ಲಿ ಮೈಸೂರು ರಸ್ತೆಯ ಗಾಳಿ ಆಕೆಯನ್ನು ಏನೂ ಮಾಡಲಿಲ್ಲ. ನಾಯಂಡಹಳ್ಳಿಯ ಹತ್ತಿರ ಎಲ್ಲರೂ ಕಿಟಕಿ ಹಾಕಿದರೆ ಆಕೆ ತೆರೆದುಕೊಂಡು ಕೂರುತ್ತಿದ್ದಳು. ಪಕ್ಕದವರ ನೋಟ ಮಾತ್ರ ತೀಕ್ಷ್ಣವಾಗಿರುತ್ತಿತ್ತು.

ಮೂಗು ಸರಿಹೋದ ಮೇಲೆ ಹತ್ತಿದ ಹುಚ್ಚು, ವಾಸನೆಯ ನಡಿಗೆ. ಬ್ರಿಟನ್ನಿನ ವಿಕ್ಟೋರಿಯಾ ಹೆನ್ಶಾ ಡಾನ್‌ಕಾಸ್ಟರ್ ಪಟ್ಟಣದಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಮೂಗಿಗೆ ಬಂದದ್ದನ್ನೆಲ್ಲ ಬರೆಸಿಕೊಂಡಿದ್ದರು. ಕೇಟ್ ಮೆಕ್ಲೀನ್ ಹಲವು ನಗರಗಳ ವಾಸನೆಯ ನಕ್ಷೆಗಳನ್ನೇ ಬರೆದಿದ್ದಾರೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಆಕೆ ಕೆಲವು ಕಾಲೇಜು ಹುಡುಗ ಹುಡುಗಿಯರನ್ನು ಮಾರ್ಕೆಟ್ಟಿನಿಂದ ತರಗುಪೇಟೆಗೆ ಕರೆದುಕೊಂಡು ಹೋದಳು. ಕೈಯಲ್ಲಿ ಹಾಳೆ, ಹಾಳೆಯಲ್ಲಿ ಎರಡು ಕಾಲಂ: ಹಿತ, ಅಹಿತ. ಹೂವಿನಂಗಡಿ ದಾಟುವವರೆಗೆ ಎಲ್ಲರ ಬರಹ ಒಂದೇ. ಹಳೇ ಪುಸ್ತಕಗಳ ಹತ್ತಿರ ಜಗಳ ಶುರುವಾಯಿತು. ಒಬ್ಬನಿಗೆ ಅದು ಲೈಬ್ರರಿ, ಇನ್ನೊಬ್ಬಳಿಗೆ ಬರೀ ಗೆದ್ದಲು. ಬೀಡಿ ಹೊಗೆಯನ್ನು ಹಿತದ ಕಾಲಮ್ಮಿಗೆ ಹಾಕಿದ ಹುಡುಗ ತನ್ನ ತಾತನ ಕೋಟಿನ ಬಗ್ಗೆ ಏನೋ ಗೊಣಗಿದ.

ತರಗುಪೇಟೆಯಲ್ಲಿ ಮೆಣಸಿನಕಾಯಿ ಮೂಟೆಗಳನ್ನು ಲಾರಿಯಿಂದ ಇಳಿಸುತ್ತಿದ್ದರು. ಘಾಟು ಗಂಟಲಿಗೆ ಇಳಿದು ಗುಂಪೆಲ್ಲ ಕೆಮ್ಮಿ, ಕಣ್ಣೊರೆಸಿಕೊಂಡು, ಪಕ್ಕದ ಓಣಿಗೆ ನುಗ್ಗಿತು. ಬ್ಯಾಡಗಿಯ ಹುಡುಗಿಯೊಬ್ಬಳು ಮಾತ್ರ ಮೂಟೆಗಳ ಪಕ್ಕದಲ್ಲೇ ನಿಂತಿದ್ದಳು. ಅವಳ ಅಪ್ಪ ಅಲ್ಲಿನ ಯಾರ್ಡಿನಲ್ಲಿ ಹಮಾಲಿ ಕೆಲಸ ಮಾಡುತ್ತಾರಂತೆ. "ಬಾರೇ ಈ ಕಡೆ, ಸಾಯ್ತೀಯ" ಎಂದು ಗೆಳತಿಯರು ಕೂಗಿದರು. "ಇದು ನಮ್ಮನಿ ವಾಸನಿರೀ" ಎನ್ನಲು ಬಾಯಿ ತೆರೆದವಳಿಗೆ ಮೂರು ಸೀನು ಒಟ್ಟಿಗೆ ಬಂದವು. ಮೂಗು ಒರೆಸಿಕೊಂಡು, ಹಾಳೆಯನ್ನು ಒಂದು ಮೂಟೆಯ ಮೇಲೆ ಒತ್ತಿಟ್ಟುಕೊಂಡು, ಹಿತದ ಕಾಲಮ್ಮಿನಲ್ಲಿ 'ಮೆಣಸಿನಕಾಯಿ' ಎಂದು ಬರೆದು, ಮತ್ತೊಂದು ಸಲ ಸೀನಿದಳು.